ಪಿಕಪ್ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟುಗಳಿಗೆ ಗ್ರೀಸ್ ಹಾಕುವ ಕ್ರಮ

ಪ್ರೊಪೆಲ್ಲರ್ ಶಾಫ್ಟಿನ ಒಂದು ಕ್ರಾಸ್‌ಗೆ, ಅಂದರೆ ಜಾಯಿಂಟಿನ ನಡುವಿನ ನಾಲ್ಕು ಕಾಲಿನ ತುಂಡಿಗೆ, ಗ್ರೀಸ್ ಹಾಕಿ ಆಯಿತೆಂದು ಹೇಳಬೇಕಾದರೆ ಅದರ ಕಾಲುಗಳಿಗೆ ತೊಡಿಸಿದ ನಾಲ್ಕು ಕಪ್‌ಗಳ ಅಂಚಿನಿಂದಲೂ ಹಳೆಯ ಗ್ರೀಸ್ ಹೊರಬಂದು, ಅದರ ಬೆನ್ನಿಗೇ ಹೊಸ ಗ್ರೀಸ್ ಕಾಣಿಸಿಕೊಂಡಿರಬೇಕು. ಮೂರು ಕಡೆ ಬಂದು ನಾಲ್ಕನೆಯ ಕಡೆ ಬಾರದೆ ಉಳಿದರೆ, ಮುಂದೊಂದು ದಿನ ಶಾಫ್ಟನ್ನು ಕೆಡಿಸುವುದು ಆ ನಾಲ್ಕನೆಯ ಕಪ್ಪೇ. ಗ್ರೀಸ್ ಗನ್ನಿನ ಹಿಡಿಯನ್ನು ಎಣಿಸಿ ಮೂರು ಸಲ ಒತ್ತಿ, ಗ್ರೀಸ್ ಒಳಹೋಗುವ ಪುಟ್ಟ ಮೂತಿಯಾದ ನಿಪ್ಪಲ್ಲಿನ ಸುತ್ತ ಒಂದಿಷ್ಟು ಗ್ರೀಸ್ ಮೆತ್ತಿಕೊಂಡದ್ದನ್ನು ನೋಡಿ ಸಮಾಧಾನಪಟ್ಟು ಎದ್ದುಬರುವ ಅಭ್ಯಾಸ ಬಹಳ ಜನರಲ್ಲಿದೆ. ಆ ಮೂರು ಒತ್ತಿನ ಗ್ರೀಸ್ ಎಲ್ಲಿಗೆ ಹೋಯಿತು, ಏನನ್ನು ಹೊರಗೆ ತಳ್ಳಿತು ಎಂಬುದನ್ನು ನೋಡುವುದೇ ಈ ಕೆಲಸದ ಮುಖ್ಯ ಭಾಗ.

ಗಿಯರ್‌ಬಾಕ್ಸಿನಿಂದ ಹೊರಟು ಹಿಂಭಾಗದಲ್ಲಿ ಎರಡು ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಗಾಡಿಯ ಅಡಿಯಲ್ಲಿ ಉದ್ದಕ್ಕೆ ಹಾಯ್ದಿರುವ ಕೊಳವೆಯಾಕಾರದ ದಂಡವೇ ಪ್ರೊಪೆಲ್ಲರ್ ಶಾಫ್ಟ್. ಗಿಯರ್‌ಬಾಕ್ಸ್ ಚಾಸಿಯ ಮೇಲೆ ಹೆಚ್ಚುಕಡಿಮೆ ಕದಲದೆ ಕುಳಿತಿರುತ್ತದೆ, ಆದರೆ ಹಿಂದಿನ ಆಕ್ಸಲ್ ಸ್ಪ್ರಿಂಗ್ ಪಟ್ಟಿಗಳ ಜೊತೆ ಸದಾ ಏರಿಳಿಯುತ್ತಿರುತ್ತದೆ. ಈ ಏರಿಳಿತದ ನಡುವೆಯೂ ತಿರುಗುಬಲವನ್ನು ದಾಟಿಸಬೇಕಾದ್ದರಿಂದ ಶಾಫ್ಟಿನ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್‌ಗಳಿರುತ್ತವೆ. ಕೂಡುವ ಚಿಹ್ನೆಯಂತೆ ನಾಲ್ಕು ಕಾಲುಗಳಿರುವ ಉಕ್ಕಿನ ತುಂಡೊಂದು ಯೋಕ್ ಎಂಬ ಎರಡು ಕವಲು ತುಂಡುಗಳ ನಡುವೆ ಕುಳಿತಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕ್ರಾಸ್ ಎಂದೇ ಕರೆಯುತ್ತಾರೆ. ಪ್ರತಿ ಕಾಲಿಗೂ ಒಂದು ಕಪ್, ಕಪ್ಪಿನ ಒಳಗೋಡೆಯ ಸುತ್ತ ಸೂಜಿಯಂತಹ ಸಣ್ಣ ರೋಲರ್‌ಗಳು, ಕಪ್ಪಿನ ಬಾಯಿಗೆ ಒಂದು ರಬ್ಬರ್ ಸೀಲ್ ಇರುತ್ತವೆ. ನಿಪ್ಪಲ್ಲಿನಿಂದ ಒಳಹೊಕ್ಕ ಗ್ರೀಸ್ ಕ್ರಾಸಿನೊಳಗೆ ಕೊರೆದ ಸಣ್ಣ ದಾರಿಗಳಲ್ಲಿ ನಾಲ್ಕೂ ಕಾಲುಗಳ ತುದಿಗೆ ಹೋಗಿ, ರೋಲರ್‌ಗಳ ಸಂದಿನಲ್ಲಿ ಹಾಯ್ದು, ಸೀಲಿನ ಅಂಚಿನಿಂದ ಹೊರಬರಬೇಕು.

ಕಪ್ಪೂ ರೋಲರ್‌ಗಳೂ ಸೇರಿದ ಈ ಬೇರಿಂಗ್ ಬೇಗ ಒಣಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಗಾಲಿಯ ಬೇರಿಂಗ್ ಪೂರ್ತಿ ಸುತ್ತು ತಿರುಗುತ್ತದೆ, ಹಾಗಾಗಿ ತನ್ನ ಗ್ರೀಸನ್ನು ತಾನೇ ಕಲಸಿಕೊಳ್ಳುತ್ತ ಹೋಗುತ್ತದೆ. ಕ್ರಾಸಿನ ರೋಲರ್‌ಗಳಿಗೆ ಆ ಭಾಗ್ಯವಿಲ್ಲ. ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಅವು ಜಾಯಿಂಟ್ ಬಾಗಿರುವ ಕೆಲವೇ ಡಿಗ್ರಿಗಳಷ್ಟು ಅತ್ತ ಒಮ್ಮೆ, ಇತ್ತ ಒಮ್ಮೆ ಉರುಳಿ ಅದೇ ಜಾಗಕ್ಕೆ ಮರಳುತ್ತವೆ. ಒಂದು ಸುತ್ತಿಗೆ 2.2 ಮೀಟರ್ ಸಾಗುವ ಟೈರು, 4:1 ಅನುಪಾತದ ಡಿಫರೆನ್ಷಿಯಲ್ ಇರುವ ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವಾಗ ಶಾಫ್ಟ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತಿರುತ್ತದೆ. ಅಂದರೆ ಅಷ್ಟೇ ಸಲ ಆ ರೋಲರ್‌ಗಳು ಅದೇ ಕೂದಲೆಳೆಯಷ್ಟು ಜಾಗವನ್ನು ಉಜ್ಜುತ್ತಿರುತ್ತವೆ. ಅಲ್ಲಿಂದ ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿಯಿತೆಂದರೆ ತಾನಾಗಿ ಹಿಂದಿರುಗುವುದಿಲ್ಲ. ಆಮೇಲೆ ಉಕ್ಕು ಉಕ್ಕನ್ನೇ ತಿನ್ನುತ್ತ, ಕ್ರಾಸಿನ ಕಾಲುಗಳ ಮೇಲೆ ಉಗುರಿಗೆ ಸಿಗುವಂತಹ ಉದ್ದುದ್ದ ಗೀರುಗಳು ಬೀಳುತ್ತವೆ. ಗೀರು ಬಿದ್ದ ಕ್ರಾಸನ್ನು ಯಾವ ಗ್ರೀಸೂ ಸರಿಮಾಡದು.

ಮೊದಲು ಗಾಡಿಯಲ್ಲಿ ಗ್ರೀಸ್ ಬೇಡುವ ಜಾಗಗಳು ಎಷ್ಟಿವೆ ಎಂದು ಎಣಿಸಿಕೊಳ್ಳಬೇಕು. ಒಂದೇ ತುಂಡಿನ ಶಾಫ್ಟ್ ಆದರೆ ಎರಡು ಕ್ರಾಸ್, ನಡುವೆ ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟ್ ಆದರೆ ಸಾಮಾನ್ಯವಾಗಿ ಮೂರು ಕ್ರಾಸ್, ಅದರ ಜೊತೆಗೆ ಶಾಫ್ಟಿನ ಉದ್ದ ಹಿಗ್ಗಿ ಕುಗ್ಗಲು ಅನುವಾಗುವ ಸ್ಲಿಪ್ ಜಾಯಿಂಟಿಗೊಂದು ನಿಪ್ಪಲ್ ಇರಬಹುದು. ನಾಲ್ಕು ಗಾಲಿಗೂ ಶಕ್ತಿ ಹೋಗುವ ಗಾಡಿಯಲ್ಲಿ ಮುಂದಿನ ಶಾಫ್ಟಿನ ಲೆಕ್ಕ ಬೇರೆ. ಗಾಡಿಯ ಕೈಪಿಡಿಯಲ್ಲಿ ಈ ಜಾಗಗಳ ಚಿತ್ರವಿದ್ದರೆ ಅದನ್ನೇ ನಂಬುವುದು ಒಳ್ಳೆಯದು. ಕ್ರಾಸಿನಲ್ಲಿ ನಿಪ್ಪಲ್ ಎಲ್ಲಿಯೂ ಕಾಣದಿದ್ದರೆ ಅದು ಬಿದ್ದುಹೋಗಿದೆಯೋ ಅಥವಾ ಆ ಕ್ರಾಸ್ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿದ ಬಗೆಯದೋ ಎಂದು ನೋಡಬೇಕು. ತಿರುಪಿನ ಎಳೆಗಳಿರುವ ರಂಧ್ರ ಕಂಡರೆ ಮೊದಲನೆಯದು, ನಡುಭಾಗ ಸಪಾಟಾಗಿದ್ದರೆ ಎರಡನೆಯದು. ಮುಚ್ಚಿದ ಬಗೆಯ ಕ್ರಾಸ್‌ಗೆ ಹೊರಗಿನಿಂದ ಮಾಡಬಹುದಾದ ಸೇವೆ ಏನೂ ಇಲ್ಲ, ಅದರ ಸಡಿಲವನ್ನು ಆಗಾಗ ಪರೀಕ್ಷಿಸಿ, ಸಡಿಲ ಕಂಡ ದಿನ ಬದಲಾಯಿಸಬೇಕು, ಅಷ್ಟೆ.

ಗ್ರೀಸಿನ ಆಯ್ಕೆಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲವಾದರೂ ಒಂದೆರಡು ಮಾತು ತಿಳಿದಿರಬೇಕು. ಡಬ್ಬಿಯ ಮೇಲೆ ಎನ್‌ಎಲ್‌ಜಿಐ 2 ಎಂದು ಬರೆದಿರುವುದು ಗ್ರೀಸಿನ ಗಟ್ಟಿತನದ ದರ್ಜೆ, ಇ.ಪಿ. ಎಂದಿರುವುದು ಭಾರೀ ಒತ್ತಡದಲ್ಲಿ ಲೋಹಗಳು ಪರಸ್ಪರ ಕಚ್ಚಿಕೊಳ್ಳದಂತೆ ತಡೆಯುವ ರಾಸಾಯನಿಕಗಳನ್ನು ಬೆರೆಸಿದೆ ಎಂಬುದರ ಸೂಚನೆ. ಕೈಪಿಡಿ ಬೇರೆ ಹೇಳದಿದ್ದರೆ, ಲಿಥಿಯಂ ಅಥವಾ ಲಿಥಿಯಂ ಕಾಂಪ್ಲೆಕ್ಸ್ ಆಧಾರದ, ಈ ಎರಡೂ ಗುರುತುಗಳಿರುವ ಗ್ರೀಸ್ ಕ್ರಾಸ್‌ಗೆ ಸರಿಹೋಗುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸ್ ಜಾರುವ ಭಾಗಗಳಿಗೆ, ಅಂದರೆ ಸ್ಲಿಪ್ ಜಾಯಿಂಟಿನ ಹಲ್ಲುಗಳಿಗೆ, ಬಹಳ ಒಳ್ಳೆಯದು. ಒಂದು ಬಗೆಯಿಂದ ಇನ್ನೊಂದಕ್ಕೆ ಹಾರುವಾಗ ಮಾತ್ರ ಎಚ್ಚರ ಬೇಕು. ಲಿಥಿಯಂ ಗ್ರೀಸಿನ ಜೊತೆ ಜೇಡಿ ಆಧಾರದ ಗ್ರೀಸ್ ಅಥವಾ ಕೆಲವು ಪಾಲಿಯೂರಿಯಾ ಗ್ರೀಸ್‌ಗಳು ಬೆರೆತರೆ ಮಿಶ್ರಣ ನೀರಾಗಿ ಸೀಲಿನಿಂದ ಸೋರಿಹೋಗಬಹುದು, ಇಲ್ಲವೇ ಗಟ್ಟಿಯಾಗಿ ದಾರಿಯಲ್ಲೇ ಕೂರಬಹುದು. ಹಿಂದೆ ಯಾವುದನ್ನು ಹಾಕಿತ್ತೆಂದು ತಿಳಿಯದ ಗಾಡಿಯಾದರೆ ಹೊಸ ಬಣ್ಣದ ಗ್ರೀಸ್ ಮಾತ್ರ ಕಾಣುವವರೆಗೆ ಧಾರಾಳವಾಗಿ ತಳ್ಳಿ ತೊಳೆದುಬಿಡುವುದೇ ನೇರವಾದ ದಾರಿ.

ಉಪಕರಣಗಳ ಪಟ್ಟಿ ಚಿಕ್ಕದು: ಕೈಯಿಂದ ಒತ್ತುವ ಗ್ರೀಸ್ ಗನ್, ಅದಕ್ಕೆ ಬಾಗುವ ಹೋಸ್, ನಿಪ್ಪಲ್ಲನ್ನು ಗಟ್ಟಿಯಾಗಿ ಕಚ್ಚುವ ಕಪ್ಲರ್, ತಂತಿ ಬ್ರಶ್, ಬಟ್ಟೆ ಚೂರುಗಳು, ಒಂದು ಟಾರ್ಚ್, ಒಂದು ಸಣ್ಣ ಹಾರೆ ಅಥವಾ ಉದ್ದನೆಯ ಸ್ಕ್ರೂಡ್ರೈವರ್, ಕಣ್ಣಿಗೆ ಕನ್ನಡಕ. ಕನ್ನಡಕವನ್ನು ಕೊನೆಯಲ್ಲಿ ಬರೆದಿದ್ದರೂ ಧರಿಸುವುದು ಮೊದಲು, ಏಕೆಂದರೆ ಮಲಗಿ ಮೇಲೆ ನೋಡುತ್ತ ಮಾಡುವ ಈ ಕೆಲಸದಲ್ಲಿ ಒಣಗಿದ ಮಣ್ಣು ಉದುರುವುದು ನೇರವಾಗಿ ಕಣ್ಣಿಗೇ. ಗಾಳಿ ಅಥವಾ ಬ್ಯಾಟರಿಯ ಗನ್ನಿಗಿಂತ ಕೈಗನ್ನನ್ನೇ ನಾನು ಮೆಚ್ಚುತ್ತೇನೆ. ಒಳಗೆ ಗ್ರೀಸ್ ಸರಾಗವಾಗಿ ಹೋಗುತ್ತಿದೆಯೋ, ಎಲ್ಲಿಯಾದರೂ ತಡೆಯಿದೆಯೋ ಎಂಬುದು ಹಿಡಿಯ ಮೂಲಕ ಅಂಗೈಗೆ ತಿಳಿಯುತ್ತದೆ. ಕೈಗನ್ನೂ ಹಲವು ನೂರು ಬಾರ್ ಒತ್ತಡ ಹುಟ್ಟಿಸಬಲ್ಲದು ಎಂಬುದು ಮಾತ್ರ ನೆನಪಿರಲಿ. ಸೀಳಿದ ಹೋಸಿನ ಮೇಲೆ ಬೆರಳಿಟ್ಟು ಒತ್ತಿದರೆ ಗ್ರೀಸ್ ಚರ್ಮದೊಳಗೆ ನುಗ್ಗಬಹುದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಅಪಾಯವದು.

ಗಾಡಿಯನ್ನು ಸಮತಟ್ಟಾದ, ಗಟ್ಟಿಯಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಶಾಫ್ಟ್ ಮತ್ತು ಅದರ ಪಕ್ಕದ ಸೈಲೆನ್ಸರ್ ಕೊಳವೆ ತಣ್ಣಗಾಗುವವರೆಗೆ ಕಾಯಬೇಕು. ಹೆಚ್ಚಿನ ಪಿಕಪ್‌ಗಳ ಅಡಿ ಎತ್ತರವಿರುವುದರಿಂದ ಗಾಡಿಯನ್ನು ಎತ್ತದೆಯೇ ಕೆಲಸ ಮಾಡಬಹುದು. ಒಂದು ಕ್ರಾಸಿನ ನಿಪ್ಪಲ್ ಮೇಲ್ಮುಖವಾಗಿ ಅಡಗಿದ್ದರೆ ಹೊರಬಂದು, ಗಾಡಿಯನ್ನು ಒಂದು ಗೇಣು ಉರುಳಿಸಿ, ಮತ್ತೆ ಭದ್ರಪಡಿಸಿ ಒಳಹೋದರಾಯಿತು. ಇದು ನಿಧಾನವಾದರೂ ಎಲ್ಲಕ್ಕಿಂತ ಸುರಕ್ಷಿತವಾದ ವಿಧಾನ.

ಎತ್ತಲೇಬೇಕಾದರೆ ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಮರದ ತುಂಡುಗಳನ್ನು ಅಡ್ಡಕೊಟ್ಟು, ಹಿಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಭಾರವನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬಾರದು. ಇಲ್ಲಿ ಅನೇಕರು ಎಡವುವ ಒಂದು ವಿಷಯವಿದೆ. ಹಿಂದಿನ ಒಂದೇ ಗಾಲಿ ನೆಲಬಿಟ್ಟರೂ ಡಿಫರೆನ್ಷಿಯಲ್ಲಿನ ಗುಣದಿಂದಾಗಿ ಗಿಯರಿನಲ್ಲಿ ನಿಲ್ಲಿಸಿದ್ದು, ಆಟೋಮ್ಯಾಟಿಕ್ ಗಾಡಿಯಾದರೆ ಪಾರ್ಕ್‌ನಲ್ಲಿ ಇಟ್ಟದ್ದು, ಎರಡೂ ಗಾಡಿಯನ್ನು ಹಿಡಿದಿಡಲಾರವು. ಗಾಳಿಯಲ್ಲಿರುವ ಗಾಲಿ ಹಿಂದಕ್ಕೆ ತಿರುಗಿ ನೆಲದ ಮೇಲಿರುವ ಗಾಲಿಗೆ ಉರುಳಲು ದಾರಿ ಮಾಡಿಕೊಡುತ್ತದೆ. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಗಾಲಿಗಳಿಗಲ್ಲದೆ ಗಿಯರ್‌ಬಾಕ್ಸಿನ ಹಿಂದೆ ಶಾಫ್ಟಿಗೇ ಹಿಡಿಯುತ್ತದೆ, ಅಂಥವುಗಳಲ್ಲಿ ಆ ಬ್ರೇಕೂ ಇದೇ ಕಾರಣಕ್ಕೆ ನಿಷ್ಪ್ರಯೋಜಕ. ಶಾಫ್ಟನ್ನು ಕಳಚುವಾಗಲಂತೂ ಇಂಥ ಗಾಡಿಗೆ ಗಾಲಿಯ ಅಡ್ಡತುಂಡುಗಳ ಹೊರತು ಬೇರೆ ತಡೆಯೇ ಇರುವುದಿಲ್ಲ. ಶಾಫ್ಟನ್ನು ತಿರುಗಿಸಿ ನಿಪ್ಪಲ್ಲನ್ನು ಕೆಳಕ್ಕೆ ತರಲು ಗಿಯರ್ ನ್ಯೂಟ್ರಲ್‌ಗೆ ಹಾಕಿ ಕೈಯಿಂದಲೇ ತಿರುಗಿಸಬೇಕು, ಅದಕ್ಕಾಗಿ ಎಂಜಿನ್ ಚಾಲೂ ಮಾಡುವ ಯೋಚನೆಯನ್ನೂ ಮಾಡಬಾರದು.

ಗನ್ ಹಿಡಿಯುವ ಮುನ್ನ ಪ್ರತಿ ಜಾಯಿಂಟನ್ನೂ ಒಮ್ಮೆ ಅಲ್ಲಾಡಿಸಿ ನೋಡಬೇಕು, ಏಕೆಂದರೆ ಹೊಸ ಗ್ರೀಸ್ ತುಂಬಿದ ಮೇಲೆ ಸಣ್ಣ ಸಡಿಲ ಕೈಗೆ ಸಿಗದೆ ಮರೆಯಾಗಬಹುದು. ಕ್ರಾಸಿನ ಒಂದು ಬದಿಯ ಯೋಕನ್ನು ಒಂದು ಕೈಯಲ್ಲಿ, ಇನ್ನೊಂದು ಬದಿಯದನ್ನು ಮತ್ತೊಂದು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುವಬೇಕು. ಆಮೇಲೆ ಸ್ಕ್ರೂಡ್ರೈವರನ್ನು ಯೋಕಿನ ಸಂದಿಗೆ ಕೊಟ್ಟು ಮೆಲ್ಲನೆ ಮೇಲಕ್ಕೆ ಕೆಳಕ್ಕೆ ಮೀಟಬೇಕು. ಡಿಫರೆನ್ಷಿಯಲ್ಲಿನ ಹಲ್ಲುಗಳ ಸಡಿಲದಿಂದ ಇಡೀ ಶಾಫ್ಟ್ ಸ್ವಲ್ಪ ತಿರುಗುವುದು ಸಹಜ, ಅದನ್ನು ಕ್ರಾಸಿನ ದೋಷವೆಂದು ಎಣಿಸಬಾರದು. ಕ್ರಾಸಿನ ಕಾಲಿಗೂ ಕಪ್ಪಿಗೂ ನಡುವೆ ಕಣ್ಣಿಗೆ ಕಾಣುವ ಅಥವಾ ಟಕ್ ಎಂದು ಕೇಳುವ ಚಲನೆಯಿದ್ದರೆ ಮಾತ್ರ ಅದು ಬದಲಾವಣೆಗೆ ಬಂದಿದೆ ಎಂದರ್ಥ. ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೂ ಅದೇ ತೀರ್ಮಾನದ ಕಡೆಗೆ ಮನಸ್ಸು ವಾಲಬೇಕು. ಇದೇ ಸರದಿಯಲ್ಲಿ ಶಾಫ್ಟಿನ ತುದಿ ಕೂಡುವ ತಟ್ಟೆಯ, ಅಂದರೆ ಫ್ಲೇಂಜಿನ ಬೋಲ್ಟುಗಳು, ಕಪ್ ಹಿಡಿದಿರುವ ಲಾಕ್‌ಗಳು, ಸೆಂಟರ್ ಬೇರಿಂಗಿನ ರಬ್ಬರ್ ಇವುಗಳ ಮೇಲೂ ಟಾರ್ಚ್ ಹಾಯಿಸಬೇಕು.

ನಿಪ್ಪಲ್ಲನ್ನು ಒರೆಸದೆ ಕಪ್ಲರ್ ಕೂರಿಸುವುದೆಂದರೆ ಅದರ ತಲೆಯ ಮೇಲಿರುವ ಮರಳನ್ನು ಗ್ರೀಸಿನ ಜೊತೆಗೇ ರೋಲರ್‌ಗಳಿಗೆ ಉಣಿಸಿದಂತೆ. ತಂತಿ ಬ್ರಶ್ಶಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ತಲೆಯಲ್ಲಿರುವ ಪುಟ್ಟ ಗುಂಡು ಒಳಕ್ಕೆ ಹೋಗಿ ತಾನೇ ಮರಳುತ್ತದೆಯೇ ಎಂದು ಸೂಜಿಮೊನೆಯಿಂದ ಒತ್ತಿ ನೋಡಬೇಕು. ನಾಲ್ಕೂ ಕಪ್‌ಗಳ ಅಂಚನ್ನೂ ಒರೆಸಿಡಬೇಕು, ಇಲ್ಲದಿದ್ದರೆ ಹೊರಬಂದದ್ದು ಈಗಿನದೋ ಹಿಂದಿನ ಸಲದ್ದೋ ತಿಳಿಯುವುದಿಲ್ಲ. ಗನ್ನಿನಿಂದ ಒಂದೆರಡು ಒತ್ತು ಬಟ್ಟೆಯ ಮೇಲೆ ಬಿಟ್ಟು ಹೋಸಿನೊಳಗಿನ ಗಾಳಿ ಹೋಗಿದೆಯೆಂದು ಖಚಿತವಾದ ಮೇಲೆ, ಕಪ್ಲರನ್ನು ನಿಪ್ಪಲ್ಲಿನ ನೇರಕ್ಕೆ ಒತ್ತಿ ಕೂರಿಸಿ, ನಿಧಾನವಾಗಿ ಹಿಡಿ ಒತ್ತಬೇಕು. ಕೈಗನ್ ಒಂದು ಒತ್ತಿಗೆ ಸುಮಾರು 1 ಗ್ರಾಂ ಗ್ರೀಸ್ ಕೊಡುತ್ತದೆ. ಗನ್ನಿನಿಂದ ಗನ್ನಿಗೆ ಇದು ಬದಲಾಗುವುದರಿಂದ ಒತ್ತುಗಳನ್ನು ಎಣಿಸುವುದಕ್ಕಿಂತ ಕಪ್‌ಗಳ ಅಂಚನ್ನು ನೋಡುತ್ತಿರುವುದೇ ಮೇಲು. ಅವಸರದಿಂದ ಜೋರಾಗಿ ಒತ್ತಿದರೆ ಗ್ರೀಸ್ ಸುಲಭವಾದ ಒಂದು ಕಪ್ಪಿನ ಕಡೆಗೆ ನುಗ್ಗಿ ಅಲ್ಲಿಯ ಸೀಲನ್ನು ಮಗುಚಿಹಾಕಬಹುದು. ಒಂದು ಒತ್ತು, ಒಂದು ಕ್ಷಣದ ವಿರಾಮ, ಮತ್ತೊಂದು ಒತ್ತು, ಈ ಲಯದಲ್ಲಿ ಹೋದರೆ ನಾಲ್ಕೂ ಕಡೆ ಗ್ರೀಸ್ ಹಂಚಿಹೋಗಲು ಸಮಯ ಸಿಗುತ್ತದೆ.

ನಾಲ್ಕೂ ಅಂಚಿನಿಂದ ಹೊಸ ಗ್ರೀಸ್ ಬಂದರೆ ನಿಲ್ಲಿಸಿ, ಹೊರಬಂದದ್ದನ್ನು ಒರೆಸಿ ಮುಂದಿನ ಜಾಯಿಂಟಿಗೆ ಹೋಗಬಹುದು. ಹಟಮಾರಿ ಕಪ್ಪೊಂದು ಸಿಕ್ಕಾಗಲೇ ತಾಳ್ಮೆಯ ಪರೀಕ್ಷೆ. ಆಗ ಗನ್ನಿನ ಮೇಲೆ ಬಲ ಹೆಚ್ಚಿಸುವ ಬದಲು, ಆ ಕಪ್ಪಿನ ಕಡೆಗೆ ಜಾಗ ಮಾಡಿಕೊಡಬೇಕು. ಎದುರಿನ ಕಪ್ಪಿನ ಕಡೆಗೆ ಕ್ರಾಸನ್ನು ಹಾರೆಯಿಂದ ಮೆಲ್ಲನೆ ಮೀಟಿ ಹಿಡಿದರೆ, ಬಾರದ ಕಪ್ಪಿನ ತಳದಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು ಗ್ರೀಸಿಗೆ ದಾರಿಯಾಗುತ್ತದೆ. ಆ ಸ್ಥಿತಿಯಲ್ಲೇ ಇನ್ನೊಬ್ಬರು ಒಂದೆರಡು ಸಲ ಒತ್ತಿದರೆ ಬಹುಪಾಲು ಬಂದೇಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಪ್ರಯತ್ನಿಸಬೇಕು, ಇಲ್ಲವೇ ಗಾಡಿಯನ್ನು ಕೆಲವು ಕಿಲೋಮೀಟರ್ ಓಡಿಸಿ, ಒಳಗಿನ ಗ್ರೀಸ್ ಬೆಚ್ಚಗಾಗಿ ಮೆದುವಾದ ಮೇಲೆ ಬಂದು ನೋಡಬೇಕು. ಇಷ್ಟೆಲ್ಲ ಮಾಡಿದರೂ ಒಂದು ಕಪ್ ಬಾಯಿ ಬಿಡದಿದ್ದರೆ ಒಳದಾರಿ ಹಳೆಯ ಗ್ರೀಸಿನಿಂದ ಕಟ್ಟಿಕೊಂಡಿದೆ. ಆ ಕ್ರಾಸನ್ನು ಬಿಚ್ಚಿಸಬೇಕು ಅಥವಾ ಬದಲಾಯಿಸಬೇಕು. ಇನ್ನು, ಗ್ರೀಸ್ ಕಪ್‌ಗಳಿಗೆ ಹೋಗದೆ ನಿಪ್ಪಲ್ ಮತ್ತು ಕಪ್ಲರ್ ನಡುವಿನಿಂದಲೇ ಚಿಮ್ಮುತ್ತಿದ್ದರೆ, ಕ್ರಾಸನ್ನು ದೂರುವ ಮೊದಲು ನಿಪ್ಪಲ್ಲನ್ನು ಬದಲಾಯಿಸಿ ನೋಡಬೇಕು. ಸಣ್ಣ ನಿಪ್ಪಲ್ಲಿನ ದೋಷಕ್ಕೆ ಇಡೀ ಕ್ರಾಸನ್ನು ಎಸೆದವರೂ ಇದ್ದಾರೆ.

ಹೊರಬಂದ ಹಳೆಯ ಗ್ರೀಸನ್ನು ಬಟ್ಟೆಗೆ ಒರೆಸಿ ಬಿಸಾಡುವ ಮುನ್ನ ಎರಡು ಬೆರಳ ನಡುವೆ ಹಚ್ಚಿ ಬೆಳಕಿಗೆ ಹಿಡಿಯಬೇಕು. ಬಣ್ಣ ಕಪ್ಪಾಗಿದ್ದರೂ ನಯವಾಗಿ, ಜಿಗುಟಾಗಿ ಇದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ನೀರು ಒಳಹೊಕ್ಕಿದೆ. ಬಿಳುಪು ಪೂರ್ತಿ ಹೋಗುವವರೆಗೆ ತಳ್ಳಿ, ಒಂದೆರಡು ವಾರದ ನಂತರ ಮತ್ತೊಮ್ಮೆ ಹಾಕಬೇಕು. ಕಂದುಗೆಂಪಾಗಿ, ಒಣಪುಡಿಯಂತೆ ಬಂದರೆ ರೋಲರ್‌ಗಳು ತುಕ್ಕು ಹಿಡಿದಿವೆ. ಬೆಳ್ಳಿಯ ಹೊಳಪಿನ ಕಣಗಳು ಮಿನುಗಿದರೆ ಅಥವಾ ಬೆರಳಿಗೆ ಮರಳಿನಂತೆ ತಗುಲಿದರೆ ಉಕ್ಕು ಸವೆಯಲು ತೊಡಗಿದೆ. ಈ ಕೊನೆಯ ಎರಡು ಸ್ಥಿತಿಗಳಲ್ಲಿ ಗ್ರೀಸ್ ತುಂಬಿದ ನಂತರ ಸದ್ದು ನಿಂತರೂ ಅದು ತಾತ್ಕಾಲಿಕ. ಹೊಸ ಕ್ರಾಸಿಗೆ ಏರ್ಪಾಟು ಮಾಡಿಕೊಂಡೇ ಗಾಡಿ ಓಡಿಸಬೇಕು. ಚಲಿಸುವಾಗ ಕ್ರಾಸ್ ಮುರಿದರೆ ಶಾಫ್ಟಿನ ಒಂದು ತುದಿ ನೆಲಕ್ಕೆ ಬಿದ್ದು, ಬ್ರೇಕಿನ ಕೊಳವೆಗಳನ್ನೂ ಇಂಧನದ ಕೊಳವೆಗಳನ್ನೂ ಬಡಿದು ಹರಿಯುವ ಸಾಧ್ಯತೆಯಿದೆ.

ಸ್ಲಿಪ್ ಜಾಯಿಂಟಿಗೆ ಈ ನಿಯಮ ಹಾಗೆಯೇ ಅನ್ವಯಿಸುವುದಿಲ್ಲ. ಒಂದರೊಳಗೊಂದು ಜಾರುವ ಹಲ್ಲುಗಳ ಈ ಜೋಡಣೆಯ ಒಳಗೆ ಖಾಲಿ ಜಾಗವೊಂದಿರುತ್ತದೆ. ಅದನ್ನು ಗ್ರೀಸಿನಿಂದ ಗಿಡಿದುಬಿಟ್ಟರೆ ಆಕ್ಸಲ್ ಮೇಲೆದ್ದಾಗ ಶಾಫ್ಟ್ ಕುಗ್ಗಲು ಎಡೆಯಿಲ್ಲದೆ, ಆ ತಳ್ಳು ನೇರವಾಗಿ ಗಿಯರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ, ಇಲ್ಲವೇ ತುದಿಯ ಮುಚ್ಚಳ ಹಾರಿಹೋಗುತ್ತದೆ. ಹಲವು ಶಾಫ್ಟುಗಳಲ್ಲಿ ಆ ಮುಚ್ಚಳದ ನಡುವೆ ಗಾಳಿ ಹೋಗಲು ಸಣ್ಣ ತೂತು ಇರುತ್ತದೆ. ಅದರಿಂದ ಗ್ರೀಸ್ ಇಣುಕಿದೊಡನೆ ತೂತನ್ನು ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯ ಸೀಲಿನ ಬಳಿ ಗ್ರೀಸ್ ಕಾಣುವವರೆಗೆ ಮೆಲ್ಲನೆ ಒತ್ತಿ ನಿಲ್ಲಿಸಬೇಕು. ತೂತಿಲ್ಲದ ಬಗೆಯಾದರೆ ಒಂದೆರಡು ಒತ್ತು ಸಾಕು. ಇನ್ನು ಕೆಲವು ಗಾಡಿಗಳಲ್ಲಿ ಶಾಫ್ಟಿನ ಮುಂದಿನ ಯೋಕ್ ನೇರವಾಗಿ ಗಿಯರ್‌ಬಾಕ್ಸಿನ ಬಾಲದೊಳಗೆ ಜಾರಿಕೊಂಡು, ಅಲ್ಲಿನ ಆಯಿಲ್ಲಿನಿಂದಲೇ ನೆನೆಯುತ್ತದೆ. ಅದಕ್ಕೆ ಹೊರಗಿನಿಂದ ಗ್ರೀಸ್ ಬೇಕಿಲ್ಲ, ಅಲ್ಲಿಯ ಆಯಿಲ್ ಸೀಲ್ ಸೋರುತ್ತಿಲ್ಲವೆಂದು ನೋಡಿದರೆ ಸಾಕು.

ಯಾವ ಕಾರಣಕ್ಕಾದರೂ ಸ್ಲಿಪ್ ಜಾಯಿಂಟನ್ನು ಎಳೆದು ಬೇರೆ ಮಾಡುವುದಿದ್ದರೆ, ಅದಕ್ಕೆ ಮೊದಲು ಎರಡೂ ಭಾಗಗಳ ಮೇಲೆ ಒಂದೇ ಗೆರೆಯಲ್ಲಿ ಬಣ್ಣದ ಗುರುತು ಹಾಕಬೇಕು. ಬಾಗಿ ತಿರುಗುವ ಕ್ರಾಸ್ ತನ್ನ ಮುಂದಿನ ಭಾಗವನ್ನು ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ ತಿರುಗಿಸುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದಕ್ಕೆ ಸರಿಯಾಗಿ ಎದುರು ಏರುಪೇರು ಮಾಡಿ ಲೆಕ್ಕ ಸರಿಪಡಿಸುತ್ತದೆ. ಆದರೆ ಶಾಫ್ಟಿನ ಎರಡು ತುದಿಯ ಯೋಕ್‌ಗಳು ತಯಾರಕರು ಕೂರಿಸಿದ ಜೋಡಣೆಯಲ್ಲೇ ಇದ್ದರೆ ಮಾತ್ರ ಇದು ನಡೆಯುತ್ತದೆ. ನಾನೊಮ್ಮೆ ಗುರುತು ಹಾಕಲು ಸೋಮಾರಿತನಪಟ್ಟು, ಕಣ್ಣಳತೆಯಲ್ಲೇ ಜೋಡಿಸಿ, ಹಲ್ಲು ತಪ್ಪಿ ಕೂರಿಸಿದ್ದೆ. ಗಾಡಿ ವೇಗ ಹಿಡಿದೊಡನೆ ಸೀಟಿನಡಿ ಶುರುವಾದ ನಡುಕಕ್ಕೆ ಟೈರುಗಳನ್ನು ದೂರುತ್ತ ಎರಡು ದಿನ ಕಳೆದೆ. ಫ್ಲೇಂಜ್ ಬಿಚ್ಚುವಾಗಲೂ ಹೀಗೆಯೇ ಗುರುತು ಹಾಕಿಕೊಳ್ಳಬೇಕು. ಬಿಗಿಯುವಾಗ ಬೋಲ್ಟುಗಳಿಗೆ ಕೈಪಿಡಿ ಹೇಳಿದ ಟಾರ್ಕ್ ಕೊಡಬೇಕು, ಒಮ್ಮೆ ಬಳಸಿ ಬಿಡಬೇಕೆಂದು ಅದು ಹೇಳಿರುವ ಬೋಲ್ಟು ನಟ್ಟುಗಳನ್ನು ಮತ್ತೆ ಬಳಸಬಾರದು. ಶಾಫ್ಟಿನ ಮೈಮೇಲೆ ಬೆಸೆದ ಸಣ್ಣ ಲೋಹದ ತುಂಡುಗಳು ಕಂಡರೆ ಅವು ಸಮತೂಕದ ತುಂಡುಗಳು, ಬ್ರಶ್ಶಿನಿಂದ ಉಜ್ಜುವಾಗ ಅವುಗಳನ್ನು ಕೀಳಬಾರದು.

ನಾಲ್ಕು ಗಾಲಿಗೂ ಶಕ್ತಿ ಹೋಗುವ ಗಾಡಿಯ ಮುಂದಿನ ಶಾಫ್ಟಿನಲ್ಲಿ, ಹಿಂದಕ್ಕೂ ಮುಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ, ಎರಡು ಕ್ರಾಸ್‌ಗಳು ಬೆನ್ನಿಗೆ ಬೆನ್ನು ಅಂಟಿದಂತಿರುವ ಜೋಡಿ ಜಾಯಿಂಟ್ ಇರಬಹುದು. ಅವೆರಡರ ನಡುವೆ ಹುದುಗಿರುವ ಉಕ್ಕಿನ ಗುಂಡೊಂದಕ್ಕೂ ಅದು ಕೂರುವ ಗುಳಿಗೂ ಪ್ರತ್ಯೇಕ ನಿಪ್ಪಲ್ ಇರುವ ಬಗೆಗಳಲ್ಲಿ, ಸಾಮಾನ್ಯ ಕಪ್ಲರ್ ಅಲ್ಲಿಗೆ ತಲುಪದು, ಸೂಜಿಯಂತಹ ಮೂತಿಯ ಅಡಾಪ್ಟರ್ ಬೇಕು. ತಲುಪದ್ದರಿಂದಲೇ ಅದು ಎಲ್ಲರಿಂದಲೂ ಬಿಟ್ಟುಹೋಗಿ ಎಲ್ಲಕ್ಕಿಂತ ಮೊದಲು ಸಾಯುತ್ತದೆ. ಮುಂದಿನ ಗಾಲಿಗಳಿಗೆ ಹೋಗುವ ಅಡ್ಡ ಶಾಫ್ಟುಗಳಲ್ಲಿ ರಬ್ಬರ್ ಬೂಟ್ ತೊಟ್ಟ, ಬಾಗಿದರೂ ಸಮವೇಗದಲ್ಲಿ ತಿರುಗಿಸುವ ಸಿ.ವಿ. ಜಾಯಿಂಟುಗಳಿದ್ದರೆ ಅವಕ್ಕೆ ನಿಪ್ಪಲ್ ಇರುವುದಿಲ್ಲ. ಬೂಟಿನ ಮಡಿಕೆಗಳನ್ನು ಬಿಡಿಸಿ ಬಿರುಕು ನೋಡಬೇಕು, ಕ್ಲಿಪ್ಪು ಸಡಿಲವಾಗಿದೆಯೇ ಎಂದು ನೋಡಬೇಕು. ಹರಿದದ್ದು ಬೇಗ ಕಣ್ಣಿಗೆ ಬಿದ್ದರೆ ಒಳಗನ್ನು ತೊಳೆದು, ಸಿ.ವಿ. ಜಾಯಿಂಟಿಗೆಂದೇ ಇರುವ ಗ್ರೀಸ್ ತುಂಬಿ, ಹೊಸ ಬೂಟ್ ಹಾಕಿಸಿದರೆ ಜಾಯಿಂಟ್ ಉಳಿಯುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಕೈಪಿಡಿಯ ಅಂಕಿಯೇ ಮೊದಲ ಉತ್ತರ. ಅದು ಕೈಗೆ ಸಿಗದಿದ್ದರೆ 5,000ದಿಂದ 10,000 ಕಿಲೋಮೀಟರ್ ನಡುವೆ ಒಮ್ಮೆ ಎಂದಿಟ್ಟುಕೊಳ್ಳಬಹುದು. ಸದಾ ಭಾರ ಹೊರುವ, ದೂಳು ಕೆಸರಿನಲ್ಲಿ ಓಡುವ ಗಾಡಿಗೆ ಮೊದಲ ಅಂಕಿಯೂ ದೂರವಾಯಿತು. ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಹಾಯ್ದು ಬಂದ ದಿನ ಮಾತ್ರ ಕಿಲೋಮೀಟರಿನ ಲೆಕ್ಕವನ್ನು ಬದಿಗಿಟ್ಟು ಅಂದೇ, ತಪ್ಪಿದರೆ ಮರುದಿನ, ಗ್ರೀಸ್ ಹಾಕಬೇಕು. ಬಿಸಿಯಾಗಿದ್ದ ಜಾಯಿಂಟ್ ತಣ್ಣೀರಿನಲ್ಲಿ ಒಮ್ಮೆಗೇ ಆರಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಗಾಡಿ ತೊಳೆಯುವಾಗ ಜೋರು ನೀರಿನ ಪೈಪನ್ನು ಕ್ರಾಸಿನ ಸೀಲುಗಳಿಗೆ ಹತ್ತಿರದಿಂದ ಗುರಿಯಿಡಬಾರದೆನ್ನುವುದೂ ಇದಕ್ಕೇ. ನಡುವೆ ಕಿವಿಯನ್ನೂ ತೆರೆದಿಟ್ಟಿರಬೇಕು. ನಿಧಾನವಾಗಿ ಚಲಿಸುವಾಗ ಗಾಡಿಯ ವೇಗದ ಜೊತೆಗೇ ಏರುವ ಚಿಲಿಪಿಲಿ ಸದ್ದು ಒಣಗಿದ ಕಪ್ಪಿನದು. ಮುಂದಿನ ಗಿಯರಿನಿಂದ ರಿವರ್ಸ್‌ಗೆ ಹಾಕಿ ಕ್ಲಚ್ ಬಿಡುವಾಗ ಅಡಿಯಿಂದ ಬರುವ ಠಣ್ ಎಂಬ ಏಟು ಸಡಿಲದ್ದಿರಬಹುದು. ಕೆಲಸ ಮುಗಿದ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ತಿರುಗುವಾಗ ಸಿಡಿದ ಹೆಚ್ಚುವರಿ ಗ್ರೀಸನ್ನು ಶಾಫ್ಟಿನ ಸುತ್ತಲಿಂದ ಒರೆಸಿ, ಆ ದಿನದ ಕಿಲೋಮೀಟರ್ ಅಂಕಿಯನ್ನೂ ಬಾಯಿ ಬಿಡಲು ಹಟ ಮಾಡಿದ ಕಪ್ ಯಾವುದೆಂಬುದನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಸಲ ಅಡಿಗೆ ಹೋದಾಗ ಮೊದಲು ನೋಡಬೇಕಾದ್ದು ಎಲ್ಲಿ ಎಂಬುದು ತಿಳಿದಿರುತ್ತದೆ.